ಲ್ಯಾಟಿನಾ ಅಮ್ಮಂದಿರಿಗೆ ಫೋನ್ ಮೂಲಕ ವಾಕಿಂಗ್ ಗುಂಪು: ಶುರು ಮಾಡೋದು ಹೇಗೆ, ನಡೆಸ್ಕೊಂಡು ಹೋಗೋದು ಹೇಗೆ

ನಾನಿರೋದು ಅಮೆರಿಕದ ಸ್ಯಾನ್ ಡಿಯಾಗೊ ಕೌಂಟಿಯ ದಕ್ಷಿಣ ಭಾಗದಲ್ಲಿ, ಚೂಲಾ ವಿಸ್ಟಾ ಹತ್ರ, ಇಲ್ಲಿಂದ ಮೆಕ್ಸಿಕೊ ಗಡಿಗೆ ಕಾರಲ್ಲಿ ಹದಿನೈದು ನಿಮಿಷ. ಶನಿವಾರ ಬೆಳಿಗ್ಗೆ ಒಂದು ಸಮುದಾಯ ಕೇಂದ್ರದಲ್ಲಿ ವಾಲಂಟಿಯರ್ ಮಾಡ್ತೀನಿ. ಅಲ್ಲಿಗೆ ಬರೋರಲ್ಲಿ ಮುಕ್ಕಾಲು ಪಾಲು ಮೆಕ್ಸಿಕೊ ಮೂಲದ ಹೆಂಗಸ್ರು, ಹೋಟೆಲ್ ರೂಮ್ ಕ್ಲೀನ್ ಮಾಡೋರು, ಬೇರೆಯವ್ರ ಮಕ್ಕಳನ್ನ ನೋಡ್ಕೊಳ್ಳೋರು, ಮನೆಯಲ್ಲೇ ಅಡುಗೆ ಮಾಡಿ ಮಾರೋರು. ಮೂರು ವರ್ಷದಿಂದ ಅವ್ರ ಜೊತೆ ಒಂದು ಫೋನ್ ವಾಕಿಂಗ್ ಗುಂಪು ನಡೆಸ್ತಿದೀವಿ, ಅಂದ್ರೆ ಫೋನಲ್ಲಿ ಮೆಸೇಜ್ ಕಳಿಸಿ ಅವ್ರನ್ನ ನಡೆಯೋಕೆ ಹೊರಡಿಸೋದು. ಇಲ್ಲಿರೋ ಕನ್ನಡದವ್ರು ಸುಮಾರು ಜನ, ನರ್ಸ್‌ಗಳು, ಪಬ್ಲಿಕ್ ಹೆಲ್ತ್ ಓದ್ತಿರೋ ಮಕ್ಕಳು, ವೀಕೆಂಡಲ್ಲಿ ಏನಾದ್ರೂ ಒಳ್ಳೇ ಆ್ಯಪ್ ಮಾಡ್ಬೇಕು ಅನ್ನೋ ಸಾಫ್ಟ್‌ವೇರ್‌ನೋರು, ಹೇಗೆ ಶುರು ಮಾಡ್ಬೇಕು ಅಂತ ಕೇಳ್ತಾನೇ ಇರ್ತಾರೆ, ಒಬ್ಬೊಬ್ರಿಗೇ ಹೇಳೋ ಬದ್ಲು ಎಲ್ಲಾನೂ ಇಲ್ಲಿ ಬರ್ದಿಡ್ತಿದೀನಿ.

ಇದು ಯಾಕೆ ಬೇಕು ಅಂದ್ರೆ, ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಲೆಕ್ಕದಲ್ಲಿ ಇಲ್ಲಿನ ವಯಸ್ಕರಿಗೆ ಒಟ್ಟಾರೆ ಜೀವಮಾನದಲ್ಲಿ ಟೈಪ್ 2 ಡಯಾಬಿಟಿಸ್ ಬರೋ ಸಾಧ್ಯತೆ ಶೇ 40, ಲ್ಯಾಟಿನೋ ಜನರಿಗೆ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದವ್ರಿಗೆ (ಹೆಂಗಸ್ರಾದ್ರೆ ಲ್ಯಾಟಿನಾ), ಅದು ಶೇ 50ಕ್ಕಿಂತ ಜಾಸ್ತಿ. ನಮ್ಮ ಮನೆಗಳಲ್ಲೂ ಶುಗರ್ ಇಲ್ಲದ ಮನೆ ಕಮ್ಮಿ, ಅದಕ್ಕೇ ಈ ಮಾತು ನಮಗೆ ಬೇಗ ತಾಕುತ್ತೆ ಅನ್ಸುತ್ತೆ.

ಮೊದ್ಲೇ ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಈ ಕೆಲಸದಲ್ಲಿ ವರ್ಷಾನುಗಟ್ಲೆ ಸಂಶೋಧನೆ ಮಾಡಿರೋರು ಬೆಸ್ ಮಾರ್ಕಸ್ ಮತ್ತೆ ಅವ್ರ ತಂಡ. 2013ರಲ್ಲಿ ಬಂದ ಅವ್ರ ಒಂದು ಅಧ್ಯಯನದ ಹೆಸರು ಸೆಯಾಮೊಸ್ ಸಾಲುದಾಬ್ಲೆಸ್, ಅಂದ್ರೆ ಆರೋಗ್ಯವಾಗಿರೋಣ ಅಂತ. ರೋಡ್ ಐಲೆಂಡ್ ರಾಜ್ಯದ 266 ಲ್ಯಾಟಿನಾ ಹೆಂಗಸ್ರು, ಯಾವ ಆ್ಯಪೂ ಇಲ್ಲ, ಬರೀ ಪೋಸ್ಟಲ್ಲಿ ಕಾಗದ. ಆದ್ರೆ ಆ ಕಾಗದ ಒಬ್ಬೊಬ್ರಿಗೂ ಬೇರೆ ಬೇರೆ, ಅವ್ರು ತುಂಬಿ ಕಳಿಸಿದ ಪ್ರಶ್ನಾವಳಿಯ ಉತ್ತರ ನೋಡಿ ಅವ್ರಿಗೆ ಹೊಂದೋ ಥರ ಸ್ಪ್ಯಾನಿಶ್‌ನಲ್ಲಿ ಬರ್ದಿದ್ದು. ವಾರಕ್ಕೆ ಎರಡು ನಿಮಿಷಾನೂ ವ್ಯಾಯಾಮ ಇಲ್ದೇ ಇದ್ದೋರು ಆರು ತಿಂಗಳಲ್ಲಿ ಸರಾಸರಿ 73 ನಿಮಿಷಕ್ಕೆ ಬಂದ್ರು, ಬೇರೆ ಆರೋಗ್ಯದ ಮಾಹಿತಿ ಮಾತ್ರ ಸಿಕ್ಕಿದ ಇನ್ನೊಂದು ಗುಂಪು ಸುಮಾರು 33ರಲ್ಲಿ ನಿಂತ್ಕೊಳ್ತು. ಆಮೇಲೆ ಅದೇ ತಂಡ ಸ್ಯಾನ್ ಡಿಯಾಗೊದಲ್ಲಿ 205 ಹೆಂಗಸ್ರ ಜೊತೆ ಅದನ್ನೇ ವೆಬ್‌ಸೈಟ್ ಮೂಲಕ ಮಾಡ್ತು, ಪಾಸೊಸ್ ಆಸಿಯಾ ಲಾ ಸಾಲುದ್ ಅಂತ, ಆರೋಗ್ಯದ ಕಡೆಗೆ ಹೆಜ್ಜೆಗಳು. ಅಲ್ಲೂ ಎರಡು ಗುಂಪುಗಳ ಮಧ್ಯೆ ವಾರಕ್ಕೆ 50 ನಿಮಿಷದಷ್ಟು ವ್ಯತ್ಯಾಸ ಬಂತು. ನನಗೆ ಇದ್ರಿಂದ ಅರ್ಥ ಆಗಿದ್ದು ಇಷ್ಟು: ಕೆಲಸ ಮಾಡಿದ್ದು ಅವಳದೇ ಉತ್ತರಕ್ಕೆ ಸಿಕ್ಕಿದ ಅವಳದೇ ಮರುಉತ್ತರ. ವೆಬ್‌ಸೈಟು, ಫೋನು ಎಲ್ಲ ಆ ಉತ್ತರವನ್ನ ಬೇಗ ತಲುಪಿಸೋ ಪೋಸ್ಟ್‌ಮ್ಯಾನ್. ನೀವು ಕಳಿಸಿದ ಮೆಸೇಜಿಗೆ ಅವಳು ಉತ್ತರ ಬರ್ದು, ಅದಕ್ಕೆ ನಿಮ್ಮ ಕಡೆಯಿಂದ ಯಾರೂ ಏನೂ ಹೇಳದೇ ಇದ್ರೆ ಮೂರೇ ವಾರದಲ್ಲಿ ಗುಂಪು ಸತ್ತೋಗುತ್ತೆ, ನಾನೇ ಕಣ್ಣಾರೆ ನೋಡಿದೀನಿ.

ಮೊದಲ್ನೇದು: ಫೋನ್ ಪಕ್ಕಕ್ಕಿಟ್ಟು ಕೂತ್ಕೊಂಡು ಕೇಳಿ

ಲ್ಯಾಟಿನಾ ಅಂದ್ರೆ ಒಂದೇ ಜನ ಅಲ್ಲ. ಇಲ್ಲಿ ನಮ್ಮ ಕಡೆ ಮೆಕ್ಸಿಕೊದವ್ರು ಜಾಸ್ತಿ, ನ್ಯೂಯಾರ್ಕ್ ಕಡೆ ಪೋರ್ಟೊ ರಿಕೊ, ಡೊಮಿನಿಕನ್ ರಿಪಬ್ಲಿಕ್ ಮೂಲದವ್ರು, ವಾಷಿಂಗ್ಟನ್ ಸುತ್ತಮುತ್ತ ಎಲ್ ಸಾಲ್ವಡಾರ್‌ನವ್ರು. ಊಟ ಬೇರೆ, ಕುಣಿಯೋ ಮ್ಯೂಸಿಕ್ ಬೇರೆ, ಸ್ಪ್ಯಾನಿಶ್‌ನ ಧಾಟಿನೂ ಬೇರೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ ನೆನಪಿಸ್ಕೊಳ್ಳಿ, ಅಷ್ಟೇ ವ್ಯತ್ಯಾಸ, ಕೆಲವು ಕಡೆ ಅದಕ್ಕಿಂತ ಜಾಸ್ತಿ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಗ್ವಾಟೆಮಾಲಾದಿಂದ ಬಂದ ಎಷ್ಟೋ ಹೆಂಗಸ್ರ ಮನೆ ಮಾತು ಮಾಮ್ ಅಥವಾ ಕಿಚೆ, ಮೆಕ್ಸಿಕೊದ ವಹಾಕಾ ಕಡೆಯಿಂದ ಬಂದವ್ರದ್ದು ಮಿಸ್ತೆಕೊ, ಸಾಪೊತೆಕೊ. ಅವ್ರಿಗೆ ಸ್ಪ್ಯಾನಿಶ್ ಎರಡನೇ ಭಾಷೆ, ಓದೋದು ಇನ್ನೂ ಕಷ್ಟ. ಅವ್ರಿಗೆ ನೀವು ಉದ್ದುದ್ದ ಸ್ಪ್ಯಾನಿಶ್ ಮೆಸೇಜ್ ಕಳಿಸಿದ್ರೆ ಪ್ರಯೋಜನ ಇಲ್ಲ, ಆ ಭಾಷೆ ಬರೋ ಒಬ್ರನ್ನ ಹುಡುಕಿ ಇಪ್ಪತ್ತು ಸೆಕೆಂಡಿನ ವಾಯ್ಸ್ ಮೆಸೇಜ್ ಮಾಡ್ಸಿ, ಕಿವಿಗೆ ಹಾಕೊಂಡು ಕೇಳ್ತಾರೆ.

ಹೋಗೋವಾಗ ಒಬ್ಬ ಪ್ರೊಮೊತೋರಾ ಜೊತೆ ಹೋಗಿ. ಪ್ರೊಮೊತೋರಾ ಅಂದ್ರೆ ಅದೇ ಬೀದಿಯ, ಅದೇ ಭಾಷೆಯ, ಆರೋಗ್ಯದ ವಿಷಯದಲ್ಲಿ ತರಬೇತಿ ಪಡೆದ ಹೆಂಗಸು, ನಮ್ಮ ಆಶಾ ಕಾರ್ಯಕರ್ತೆಯರಿಗೆ ಹತ್ತಿರ. ಸಮುದಾಯದ ಕ್ಲಿನಿಕ್‌ಗಳಲ್ಲಿ, ಚರ್ಚ್‌ಗಳಲ್ಲಿ ಕೇಳಿದ್ರೆ ಗೊತ್ತಾಗುತ್ತೆ. ನಿಮ್ಮನ್ನ ನೋಡಿದ್ರೆ ಅವ್ರು ಮರ್ಯಾದೆಗೆ ಹೂಂ ಅಂತಾರೆ, ಪ್ರೊಮೊತೋರಾ ಕೇಳಿದ್ರೆ ನಿಜ ಹೇಳ್ತಾರೆ.

ಏನು ಕೇಳ್ಬೇಕು ಅಂದ್ರೆ: ಕೆಲಸದ ಶಿಫ್ಟ್ ಯಾವಾಗ ಶುರು, ಯಾವಾಗ ಮುಗಿಯುತ್ತೆ, ಮಕ್ಕಳು ಎಷ್ಟು ಗಂಟೆಗೆ ಸ್ಕೂಲಿಂದ ಬರ್ತಾರೆ, ಫೋನ್ ಸ್ವಂತದ್ದಾ ಇಲ್ಲ ಗಂಡನ ಜೊತೆ ಹಂಚ್ಕೊಳ್ಳೋದಾ, ಡೇಟಾ ತಿಂಗಳ ಕೊನೆಗೆ ಖಾಲಿ ಆಗುತ್ತಾ, ಮನೆ ಹತ್ರ ನಡೆಯೋಕೆ ಹೆದರಿಕೆ ಇಲ್ಲದ ಜಾಗ ಯಾವ್ದು, ನಾಯಿ ಕಾಟ ಇದ್ಯಾ, ದಾರೀಲಿ ದೀಪ ಇದ್ಯಾ. ಡೇಟಾ ವಿಷಯ ಸಣ್ಣದು ಅಂದ್ಕೋಬೇಡಿ. ಬಡ ಕುಟುಂಬಗಳ ಇಂಟರ್ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್ ತನಕ ಕೊಡ್ತಿದ್ದ ಸರ್ಕಾರಿ ಯೋಜನೆ 2024ರ ಜೂನ್‌ನಲ್ಲಿ ನಿಂತೋಯ್ತು, ಆಮೇಲೆ ಎಷ್ಟೋ ಮನೇಲಿ ಫೋನ್ ಒಂದೇ ಇಂಟರ್ನೆಟ್. ಅಂಥವ್ರಿಗೆ ನೀವು ಅರ್ಧ ಗಂಟೆ ವಿಡಿಯೊ ಕಳಿಸಿದ್ರೆ ಅವ್ರ ದುಡ್ಡು ಖರ್ಚು ಮಾಡಿಸ್ದಂಗೆ.

ಕೇಳ್ಬಾರದ್ದೂ ಒಂದಿದೆ, ವೀಸಾ, ಪೇಪರ್ಸ್, ಯಾವಾಗ ಬಂದ್ರಿ ಹೇಗೆ ಬಂದ್ರಿ, ಇವು ಯಾವ್ದೂ ಬೇಡ, ಫಾರ್ಮಲ್ಲೂ ಬೇಡ ಮಾತಲ್ಲೂ ಬೇಡ.

ಎಹೆರ್ಸಿಸಿಯೊ ಅಂದ್ರೆ ವ್ಯಾಯಾಮ ಅಂತ, ಆದ್ರೆ ಆ ಪದ ಕೇಳಿದ ತಕ್ಷಣ ಅವ್ರ ಕಣ್ಣೆದುರಿಗೆ ಜಿಮ್ ಬರುತ್ತೆ, ಬಿಗಿ ಬಟ್ಟೆ ಬರುತ್ತೆ, ತಿಂಗಳ ಫೀಸ್ ಬರುತ್ತೆ. ಕಮಿನಾರ್, ನಡೆಯೋದು, ಬೈಲಾರ್, ಕುಣಿಯೋದು, ಇಷ್ಟು ಸಾಕು. ಹೋಟೆಲ್‌ನಲ್ಲಿ ದಿನಕ್ಕೆ ಹದಿನಾಲ್ಕು ರೂಮ್ ಕ್ಲೀನ್ ಮಾಡೋ ಹೆಂಗಸಿಗೆ ಹೋಗಿ ನೀವು ಮೈ ಬಗ್ಗಿಸ್ತಿಲ್ಲ ಅಂತ ಹೇಳೋದು ಅನ್ಯಾಯ. ಮೊದ್ಲು ಅವಳ ಕೆಲಸವನ್ನ ಕೆಲಸ ಅಂತ ಒಪ್ಕೊಳ್ಳಿ. ಆಮೇಲೆ ಹೇಳಿ, ಹಾಸಿಗೆ ಎತ್ತೋದು, ಬಗ್ಗೋದು ಬೆನ್ನಿಗೆ ಸುಸ್ತು ಕೊಡುತ್ತೆ, ನಡುನಡುವೆ ನಿಲ್ಲಿಸ್ತಾ ಮಾಡೋ ಕೆಲಸ ಅದು, ಎಡೆಬಿಡದೆ ಬಿರುಸಾಗಿ ನಡೆದಾಗ ಹೃದಯಕ್ಕೆ ಸಿಗೋದು ಬೇರೆ, ಅದು ನಿಮಗೆ ಅಂತ ನೀವೇ ಇಟ್ಕೊಳ್ಳೋ ಹೊತ್ತು ಅಂತ.

ಎರಡನೇದು: ಆರೋಗ್ಯದ ಪ್ರಶ್ನೆ

ಇದನ್ನ ಬಿಡ್ಬೇಡಿ. ಎದೆ ನೋವು ಬಂದಿದ್ಯಾ, ತಲೆ ತಿರುಗಿ ಬಿದ್ದಿದ್ದಾರಾ, ಬಿಪಿ ಕಂಟ್ರೋಲಲ್ಲಿ ಇದ್ಯಾ, ಗರ್ಭಿಣಿನಾ, ಇನ್ಸುಲಿನ್ ತಗೋತಾರಾ. ಯಾವ್ದಕ್ಕಾದ್ರೂ ಅನುಮಾನ ಬಂದ್ರೆ ಮೊದ್ಲು ಡಾಕ್ಟರ್ ಹತ್ರ, ಆಮೇಲೆ ನಡಿಗೆ. ಇನ್ಸುಲಿನ್ ತಗೊಳ್ಳೋರಿಗೆ ನಡೀವಾಗ ಶುಗರ್ ಕೆಳಗೆ ಹೋಗ್ಬಹುದು, ಜೇಬಲ್ಲಿ ಸಕ್ಕರೆ ಮಿಠಾಯಿ ಇರ್ಲಿ.

ಮೂರನೇದು: ಯಾವ ಟೆಕ್ನಾಲಜಿ

ಇಲ್ಲೇ ಸಾಫ್ಟ್‌ವೇರ್‌ನೋರು ಎಡವೋದು, ಹೊಸ ಆ್ಯಪ್ ಮಾಡೋಣ ಅಂತ ಹೊರಡ್ತಾರೆ. ಅವ್ರ ಫೋನಲ್ಲಿ ಈಗಾಗ್ಲೇ ಏನಿದೆ ನೋಡಿ. ಪ್ಯೂ ಅನ್ನೋ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆ ಪ್ರಕಾರ ಅಮೆರಿಕದ ಲ್ಯಾಟಿನೋ ವಯಸ್ಕರಲ್ಲಿ ಶೇ 46 ಜನ ವಾಟ್ಸಾಪ್ ಬಳಸ್ತಾರೆ, ಬಿಳಿಯರಲ್ಲಿ ಅದು ಶೇ 16 ಮಾತ್ರ. ಊರಲ್ಲಿರೋ ಅಮ್ಮನ ಜೊತೆ ಮಾತಾಡೋಕೆ ಇಟ್ಕೊಂಡಿರೋದು, ನಮ್ಮ ಥರಾನೇ. ಹಾಗಾಗಿ ಮೊದಲ ಆಯ್ಕೆ ವಾಟ್ಸಾಪ್, ಡೇಟಾ ಇಲ್ಲದವ್ರಿಗೆ ಸಾದಾ ಎಸ್ಸೆಮ್ಮೆಸ್.

ವಾಟ್ಸಾಪ್ ಗುಂಪಲ್ಲಿ ಒಂದು ತೊಂದ್ರೆ ಇದೆ, ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತೆ. ಒಬ್ಬ ಹೆಂಗಸು ಯಾರಿಂದಾನೋ ತಪ್ಪಿಸ್ಕೊಂಡು ಬದುಕ್ತಿರ್ಬಹುದು, ನಿಮಗೆ ಗೊತ್ತಿರಲ್ಲ. ಸೇರಿಸೋಕೆ ಮುಂಚೆ ಒಬ್ಬೊಬ್ರಿಗೂ ಬಾಯಲ್ಲೇ ಹೇಳಿ ಒಪ್ಪಿಗೆ ತಗೊಳ್ಳಿ, ಬೇಡ ಅಂದವ್ರಿಗೆ ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ಅದ್ರಲ್ಲಿ 256 ಜನರ ತನಕ ಹಾಕ್ಬಹುದು, ಒಬ್ಬರಿಗೊಬ್ಬರು ಕಾಣಲ್ಲ, ಆದ್ರೆ ನಿಮ್ಮ ನಂಬರನ್ನ ಅವ್ರು ಸೇವ್ ಮಾಡಿದ್ರೆ ಮಾತ್ರ ಮೆಸೇಜ್ ಹೋಗುತ್ತೆ, ಅದನ್ನ ಅವ್ರ ಎದುರಿಗೇ ಕೂತು ಸೇವ್ ಮಾಡ್ಸಿ. ಗುಂಪು ದೊಡ್ಡದು ಮಾಡ್ಬೇಡಿ, ಹನ್ನೆರಡರಿಂದ ಹದಿನೈದು ಜನ ಸಾಕು, ಅದಕ್ಕಿಂತ ಹೆಚ್ಚಾದ್ರೆ ಯಾರು ಮಾತಾಡಿದ್ರೋ ಯಾರು ಬಿಟ್ರೋ ಗೊತ್ತಾಗಲ್ಲ, ಪ್ರಾರ್ಥನೆ ಫೋಟೊ, ಗುಡ್ ಮಾರ್ನಿಂಗ್ ಹೂವು ತುಂಬ್ಕೊಳ್ಳುತ್ತೆ. ಅವನ್ನ ಪೂರ್ತಿ ನಿಲ್ಲಿಸೋಕೂ ಹೋಗ್ಬೇಡಿ ಅಂತೀನಿ, ಅದೂ ಒಂಥರ ಹಾಜರಿ.

ಕಂಪ್ಯೂಟರ್‌ನಿಂದ ತಾನಾಗೇ ಹೋಗೋ ಎಸ್ಸೆಮ್ಮೆಸ್ ಆದ್ರೆ ಅಮೆರಿಕದ ಕಾನೂನಿನ ಪ್ರಕಾರ ಮೊದ್ಲೇ ಒಪ್ಪಿಗೆ ಇರ್ಬೇಕು, ಬೇಡ ಅಂದ್ರೆ ನಿಲ್ಲಿಸ್ಬೇಕು. ಸ್ಟಾಪ್ ಅನ್ನೋದರ ಜೊತೆ ಆಲ್ತೊ ಅಂತ ಸ್ಪ್ಯಾನಿಶ್‌ನಲ್ಲಿ ಬರ್ದ್ರೂ ನಿಲ್ಲೋ ಹಾಗೆ ಸೆಟ್ ಮಾಡಿ.

ಇನ್ನೂ ಆ್ಯಪ್ಪೇ ಮಾಡ್ತೀನಿ ಅನ್ನೋರಿಗೆ ನನ್ನ ಕೋರಿಕೆ: ಹಳೇ ಆ್ಯಂಡ್ರಾಯ್ಡ್ ಫೋನಲ್ಲಿ ಓಡ್ಲಿ, ಸೈಜ್ ಚಿಕ್ಕದಿರ್ಲಿ, ಇಮೇಲ್ ಲಾಗಿನ್ ಬೇಡ, ನಡೆದಿದ್ದನ್ನ ಒಂದೇ ಸಲ ಒತ್ತಿ ದಾಖಲಿಸೋ ಹಾಗಿರ್ಲಿ, ಸ್ಪ್ಯಾನಿಶ್ ಮೊದಲ ದಿನದಿಂದಲೇ ಇರ್ಲಿ, ಲೊಕೇಶನ್ ಕೇಳಲೇ ಬೇಡಿ.

ನಾಲ್ಕನೇದು: ಮೊದಲ ವಾರ ಬರೀ ಎಣಿಸೋದು

ಏನೂ ಬದಲಾಯಿಸ್ಬೇಡಿ ಅಂತ ಹೇಳಿ, ಒಂದು ವಾರ ಎಷ್ಟು ನಡೀತಾರೋ ಅಷ್ಟೇ ನಡೀಲಿ, ರಾತ್ರಿ ಒಂದು ಸಲ ಹೆಜ್ಜೆ ಲೆಕ್ಕ ಕಳಿಸ್ಲಿ. ಇದ್ರಿಂದ ಅವ್ರಿಗೂ ಅಭ್ಯಾಸ ಆಗುತ್ತೆ, ಗುರಿ ಎಲ್ಲಿಂದ ಶುರು ಮಾಡ್ಬೇಕು ಅಂತ ನಿಮಗೂ ಗೊತ್ತಾಗುತ್ತೆ.

ಸ್ಟೆಪ್ ಎಣಿಸೋಕೆ ಫೋನ್ ಸಾಕು, ಆದ್ರೆ ಫೋನ್ ಮೈ ಮೇಲೆ ಇರ್ಬೇಕು. ಹೆಂಗಸ್ರ ಪ್ಯಾಂಟ್‌ಗೆ ಜೇಬೇ ಇರಲ್ಲ, ಫೋನ್ ಅಡುಗೆಮನೆ ಕಟ್ಟೆ ಮೇಲೆ ಚಾರ್ಜಿಗೆ ಇರುತ್ತೆ, ಇವ್ಳು ಮನೆಯೆಲ್ಲ ಓಡಾಡ್ತಿರ್ತಾಳೆ, ರಾತ್ರಿ ನೋಡಿದ್ರೆ ಸಾವಿರದ ನೂರು ಸ್ಟೆಪ್. ನಮ್ಮ ಗುಂಪಿನ ಒಬ್ರು ಅದನ್ನ ನೋಡಿ ಮುಖ ಸಣ್ಣದು ಮಾಡ್ಕೊಂಡು ಫೋನನ್ನ ನನ್ನ ಕೈಗೆ ಕೊಟ್ರು, ನಾನಿಷ್ಟೇನಾ ಅಂತ. ಅವತ್ತೇ ಮಗಳ ಹಳೇ ಬಟ್ಟೆಯಲ್ಲಿ ಸೊಂಟಕ್ಕೆ ಕಟ್ಕೊಳ್ಳೋ ಒಂದು ಸಣ್ಣ ಚೀಲ ಹೊಲ್ಕೊಂಡ್ರು, ಮುಂದಿನ ವಾರ ಇನ್ನೂ ಆರು ಜನಕ್ಕೆ ಹೊಲ್ಕೊಟ್ರು, ಹೂವಿನ ಕಸೂತಿ ಹಾಕಿ. ಕೈಗೆ ಕಟ್ಟೋ ಬ್ಯಾಂಡ್ ಕೊಟ್ರೂ ಒಂದು ತೊಡಕಿದೆ, ಮಗುವಿನ ತಳ್ಳುಗಾಡಿನೋ, ಹೋಟೆಲ್‌ನ ಕ್ಲೀನಿಂಗ್ ಗಾಡಿನೋ, ಅಂಗಡಿಯ ಗಾಡಿನೋ ತಳ್ತಾ ಇದ್ರೆ ಕೈ ಅಲ್ಲಾಡಲ್ಲ, ಸ್ಟೆಪ್ ಕಮ್ಮಿ ಬೀಳುತ್ತೆ. ಇದನ್ನ ಮೊದ್ಲೇ ಹೇಳಿ. ಇಲ್ದಿದ್ರೆ ಮಿಷಿನ್ ತಪ್ಪನ್ನ ತಮ್ಮ ತಪ್ಪು ಅಂದ್ಕೋತಾರೆ.

ಹತ್ತು ಸಾವಿರ ಸ್ಟೆಪ್ ಅಂತ ಗುರಿ ಇಡ್ಬೇಡಿ. ಆ ನಂಬರ್ 1965ರಲ್ಲಿ ಜಪಾನಿನಲ್ಲಿ ಮಾರಿದ ಮಾನ್ಪೊ ಕೇ ಅನ್ನೋ ಸ್ಟೆಪ್ ಮೀಟರಿನ ಹೆಸರಿಂದ ಬಂದಿದ್ದು, ಹತ್ತು ಸಾವಿರ ಹೆಜ್ಜೆ ಮೀಟರ್ ಅಂತಾನೇ ಅದ್ರ ಅರ್ಥ. 2019ರಲ್ಲಿ ಐ ಮಿನ್ ಲೀ ಅನ್ನೋ ಸಂಶೋಧಕಿಯ ತಂಡ ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸ್ರನ್ನ ನೋಡಿ ಹೇಳಿದ್ದು, ದಿನಕ್ಕೆ 2,700 ಹೆಜ್ಜೆ ಇದ್ದೋರಿಗಿಂತ 4,400 ಇದ್ದೋರಲ್ಲಿ ಸಾವಿನ ಪ್ರಮಾಣ ಸ್ಪಷ್ಟವಾಗಿ ಕಮ್ಮಿ, 7,500ರ ಹೊತ್ತಿಗೆ ಆ ಲಾಭ ಹೆಚ್ಚುಕಮ್ಮಿ ಸಮ ಆಗುತ್ತೆ ಅಂತ. ವಯಸ್ಸಾದವ್ರ ಲೆಕ್ಕ ಅದು, ಆದ್ರೂ ಗುಂಪಲ್ಲಿರೋ ಅಜ್ಜಿಯರಿಗೆ ಇದನ್ನ ಹೇಳಿದಾಗ ಅವ್ರ ಮುಖ ನೋಡ್ಬೇಕು.

ಗುರಿ ಏರಿಸೋದು ಹೀಗೆ: ಮೊದಲ ವಾರದ ಸರಾಸರಿಗೆ 500 ಹೆಜ್ಜೆ ಸೇರ್ಸಿ, ಎರಡು ವಾರ ಅದ್ರಲ್ಲೇ ಇರ್ಲಿ, ಆಮೇಲೆ ಇನ್ನೊಂದು 500. ಹೆಜ್ಜೆ ಲೆಕ್ಕ ಬೇಡ ಅನ್ನೋರಿಗೆ ನಿಮಿಷ. ಅಮೆರಿಕದ 2018ರ ಮಾರ್ಗಸೂಚಿ ಪ್ರಕಾರ ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡೋದು. ಮುಂಚೆ ಒಂದೇ ಸಲಕ್ಕೆ ಹತ್ತು ನಿಮಿಷ ಆದ್ರೂ ಇರ್ಬೇಕು ಅಂತಿತ್ತು, ಅದನ್ನ ತೆಗೆದ್ರು, ಈಗ ನಾಲ್ಕು ನಿಮಿಷ ನಡೆದ್ರೂ ಲೆಕ್ಕಕ್ಕೆ ಬರುತ್ತೆ. ಇದು ಮಕ್ಕಳೊಂದಿಗರಿಗೆ ದೊಡ್ಡ ಸಮಾಧಾನ. ಬಿರುಸು ಅಂದ್ರೆ ಎಷ್ಟು ಅಂತ ಕೇಳ್ತಾರೆ, ಮಾತಾಡ್ಬಹುದು ಆದ್ರೆ ಹಾಡೋಕಾಗಲ್ಲ, ಅಷ್ಟು.

ಐದನೇದು: ಮೆಸೇಜ್ ಬರಿಯೋದು

ಇದಕ್ಕೆ ಟೈಮ್ ಕೊಡಿ, ಎಲ್ಲಾದಕ್ಕಿಂತ ಜಾಸ್ತಿ ಕೊಡಿ. ಇಂಗ್ಲಿಶಲ್ಲಿ ಬರ್ದು ಗೂಗಲ್‌ನಲ್ಲಿ ಸ್ಪ್ಯಾನಿಶ್ ಮಾಡ್ಬೇಡಿ, ಅಂಥದ್ದು ಓದಿದ ತಕ್ಷಣ ಗೊತ್ತಾಗುತ್ತೆ, ನಮಗೆ ಬ್ಯಾಂಕಿಂದ ಬರೋ ಕನ್ನಡ ಮೆಸೇಜ್ ಓದಿದಾಗ ಆಗುತ್ತಲ್ಲ ಹಾಗೆ. ಪ್ರೊಮೊತೋರಾ ಬಾಯಲ್ಲಿ ಹೇಳ್ಲಿ, ನೀವು ಬರ್ಕೊಳ್ಳಿ. ನೀನು ಅನ್ನೋಕೆ ತೂ, ನೀವು ಅನ್ನೋಕೆ ಉಸ್ತೆದ್ ಅಂತ ಇದೆ ಅವ್ರಲ್ಲಿ, ವಯಸ್ಸಾದವ್ರಿಗೆ ಉಸ್ತೆದ್ ಅಂತಾನೇ ಹೇಳ್ಬೇಕು, ಈ ಸೂಕ್ಷ್ಮ ಕನ್ನಡದವ್ರಿಗೆ ಹೇಳ್ಕೊಡ್ಬೇಕಾಗಿಲ್ಲ.

ಒಳ್ಳೇ ಮೆಸೇಜಲ್ಲಿ ಅವಳು ಹಿಂದೆ ಹೇಳಿದ್ದು ಇರುತ್ತೆ, ಒಂದು ಪ್ರಶ್ನೆ ಇರುತ್ತೆ, ಉತ್ತರ ಒಂದು ಅಂಕಿಯಲ್ಲಿ ಮುಗಿಯುತ್ತೆ. ಉದಾಹರಣೆಗೆ: ‘ಮಂಗಳವಾರ ನೀವು 12 ನಿಮಿಷ ನಡೆದ್ರಿ ಅಂದ್ರಿ. ಮೊಣಕಾಲು ಈಗ ಹೇಗಿದೆ? ಚೆನ್ನಾಗಿದ್ರೆ 1, ನೋವಿದ್ರೆ 2 ಒತ್ತಿ.’ ಅವಳು 2 ಒತ್ತಿದ್ರೆ ಅವತ್ತೇ ಒಬ್ರು ಫೋನ್ ಮಾಡ್ಬೇಕು, ಮಾಡಕ್ಕಾಗಲ್ಲ ಅಂದ್ರೆ ಆ ಪ್ರಶ್ನೆ ಕೇಳಲೇ ಬೇಡಿ. ವ್ಯಾಯಾಮ ಆರೋಗ್ಯಕ್ಕೆ ಒಳ್ಳೇದು ಅನ್ನೋ ಮೆಸೇಜ್ ಯಾರಿಗೂ ಬೇಕಾಗಿಲ್ಲ, ಅದು ಅವ್ರಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ಯಾವ ಹೊತ್ತಿಗೆ ಕಳಿಸ್ಬೇಕು ಅನ್ನೋದೂ ಮುಖ್ಯ. ಮೊದಲ ಬ್ಯಾಚಲ್ಲಿ ನಾವು ಸಂಜೆ ಆರಕ್ಕೆ ಕಳಿಸ್ತಿದ್ವಿ, ಕೆಲಸ ಮುಗಿದಿರುತ್ತೆ ಅಂತ. ಹತ್ತು ದಿನ ಆದ್ರೂ ಉತ್ತರ ಇಲ್ಲ. ಆಮೇಲೆ ಒಬ್ರು ಹೇಳಿದ್ರು, ಆರಕ್ಕೆ ನನ್ನ ಕೈಯೆಲ್ಲ ಮೆಕ್ಕೆಜೋಳದ ಹಿಟ್ಟು, ತೊರ್ತಿಯಾ ತಟ್ತಾ ಇರ್ತೀನಿ, ಕೈ ತೊಳೆಯೋಷ್ಟರಲ್ಲಿ ನಿಮ್ಮ ಮೆಸೇಜ್ ಮೇಲೆ ಇನ್ನೂ ಇಪ್ಪತ್ತು ಬಂದಿರುತ್ತೆ ಅಂತ. ರೊಟ್ಟಿ ತಟ್ಟೋ ಹೊತ್ತಲ್ಲಿ ನಮ್ಮಮ್ಮನಿಗೆ ಯಾರಾದ್ರೂ ಫೋನ್ ಮಾಡಿದ್ರೆ ಆಗ್ತಿದ್ದಂಗೇ. ಬೆಳಿಗ್ಗೆ ಎಂಟೂಕಾಲಿಗೆ ಬದಲಾಯಿಸಿದ್ವಿ, ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಇನ್ನೂ ಕಾರಲ್ಲೇ ಕೂತಿರೋ ಹೊತ್ತು. ಕಾರ್ ಅಲ್ಲೇ ನಿಲ್ಸಿ ಸ್ಕೂಲ್ ಸುತ್ತ ಒಂದು ಸುತ್ತು ಹಾಕಿ ಬನ್ನಿ ಅಂತ, ಅಷ್ಟೇ. ಆ ಮೆಸೇಜಿಗೆ ಸಿಕ್ಕಷ್ಟು ಉತ್ತರ ಯಾವ್ದಕ್ಕೂ ಸಿಕ್ಕಿಲ್ಲ. ರಾತ್ರಿ ಶಿಫ್ಟಿನವ್ರದ್ದು ಬೇರೆ ಲಿಸ್ಟ್ ಮಾಡಿ, ಅವ್ರು ಮಲಗಿರೋವಾಗ ಫೋನ್ ಕಿಣಿ ಕಿಣಿ ಅನ್ನಿಸ್ಬೇಡಿ.

ಎಸ್ಸೆಮ್ಮೆಸ್ ಕಳಿಸೋರಿಗೆ ಒಂದು ತಾಂತ್ರಿಕ ವಿಷಯ. ಒಂದು ಎಸ್ಸೆಮ್ಮೆಸ್ಸಲ್ಲಿ 160 ಅಕ್ಷರ ಹಿಡಿಯುತ್ತೆ, ಆದ್ರೆ ಅದು ಒಂದು ಹಳೇ ಅಕ್ಷರಪಟ್ಟಿಯಲ್ಲಿ ಇರೋ ಅಕ್ಷರಗಳಿಗೆ ಮಾತ್ರ. ಆ ಪಟ್ಟಿಯಲ್ಲಿ ಸ್ಪ್ಯಾನಿಶ್‌ನ ಎನ್ಯೆ ಇದೆ, ಅಂದ್ರೆ ಎನ್ ಮೇಲೆ ಅಲೆಯಂಥ ಗೆರೆ ಇರೋದು, ನಮ್ಮ ಞ ಇದ್ದಂಗೆ. ತಲೆಕೆಳಗಾದ ಪ್ರಶ್ನೆ ಚಿಹ್ನೆನೂ ಇದೆ. ಆದ್ರೆ ಆ, ಇ, ಓ, ಊ ಸ್ವರಗಳ ಮೇಲೆ ಒತ್ತಿನ ಗೆರೆ ಬಂದ್ರೆ ಅವು ಇಲ್ಲ. ಅಂಥ ಒಂದೇ ಒಂದು ಅಕ್ಷರ ಸೇರಿದ್ರೆ ಸಾಕು, ಇಡೀ ಮೆಸೇಜ್ ಯುನಿಕೋಡ್ ಆಗಿ ಮಿತಿ 70ಕ್ಕೆ ಇಳಿಯುತ್ತೆ, ಒಂದು ಮೆಸೇಜ್ ಎರಡು ಮೂರು ತುಂಡಾಗಿ ಹೋಗುತ್ತೆ, ದುಡ್ಡೂ ಅಷ್ಟು ಪಟ್ಟು. ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸಿದವ್ರಿಗೆ ಈ 70ರ ಕಷ್ಟ ಚೆನ್ನಾಗಿ ಗೊತ್ತು. ಹಾಗಂತ ದುಡ್ಡು ಉಳಿಸೋಕೆ ಎಲ್ಲ ಗುರುತೂ ಕಿತ್ತಾಕ್ಬೇಡಿ. ಸಿ ಸೆ ಪ್ವೆದೆ, ಅಂದ್ರೆ ಆಗುತ್ತೆ, ಮಾಡ್ಬಹುದು, 1972ರಲ್ಲಿ ಕೃಷಿ ಕಾರ್ಮಿಕರ ಹೋರಾಟದಲ್ಲಿ ದೊಲೊರೆಸ್ ವೆರ್ತಾ ಕೊಟ್ಟ ಘೋಷಣೆ, ಇವ್ರೆಲ್ಲರ ಬಾಯಲ್ಲೂ ಇದೆ. ಅದ್ರಲ್ಲಿ ಸಿ ಮೇಲಿನ ಗೆರೆ ತೆಗೆದ್ರೆ ‘ಹೌದು’ ಅನ್ನೋದು ಹೋಗಿ ‘ಒಂದು ವೇಳೆ’ ಅಂತ ಆಗುತ್ತೆ. ಎನ್ಯೆ ತೆಗೆದು ಬರೀ ಎನ್ ಹಾಕಿದ್ರಂತೂ ಹೊಸ ವರ್ಷದ ಶುಭಾಶಯದಲ್ಲಿ ವರ್ಷ ಅನ್ನೋ ಪದ ಗುದದ್ವಾರ ಅಂತ ಆಗುತ್ತೆ, ಅಜ್ಜಿಯರಿಗೆ ಅಂಥದ್ದು ಹೋಗ್ಬಾರ್ದು. ನಾವು ಮಾಡ್ಕೊಂಡಿರೋ ದಾರಿ: ಗೆರೆ ಬೇಡದ ಪದಗಳನ್ನೇ ಹುಡುಕಿ ಬರೀತೀವಿ, ಬೇಕೇ ಬೇಕು ಅಂದಾಗ ಮೆಸೇಜನ್ನೇ 70 ಅಕ್ಷರಕ್ಕೆ ಚಿಕ್ಕದು ಮಾಡ್ತೀವಿ. ಚಿಕ್ಕದಾದ್ರೆ ಓದೋರೂ ಜಾಸ್ತಿ.

ಆರನೇದು: ಮನೆಯವ್ರನ್ನ ಜೊತೆಗೆ ಸೇರಿಸ್ಕೊಳ್ಳಿ

ಫಮಿಲಿಸ್ಮೊ ಅಂತಾರೆ, ಕುಟುಂಬ ಮೊದ್ಲು ಅನ್ನೋ ಭಾವನೆ. ಮಕ್ಕಳನ್ನ ಬಿಟ್ಟು ಅರ್ಧ ಗಂಟೆ ನನಗೋಸ್ಕರ ಹೊರಗೆ ಹೋದ್ರೆ ನಾನೆಂಥಾ ಅಮ್ಮ ಅನ್ನೋ ಅಳುಕು ಅವ್ರಿಗಿದೆ, ನಮ್ಮ ಹೆಂಗಸ್ರಿಗೂ ಇದೆ. ಅದ್ರ ಜೊತೆ ಜಗಳಕ್ಕೆ ನಿಂತು ಗೆಲ್ಲಕ್ಕಾಗಲ್ಲ. ಮಕ್ಕಳನ್ನ ಕರ್ಕೊಂಡೇ ನಡೀಲಿ, ಊಟ ಆದ್ಮೇಲೆ ಹಾಲಲ್ಲಿ ಸೋಫಾ ಸರಿಸಿ ಕುಂಬಿಯಾ ಅನ್ನೋ ಅವ್ರ ಕುಣಿತದ ಎರಡು ಹಾಡಿಗೆ ಎಲ್ಲರೂ ಕುಣೀಲಿ, ಒಂಬತ್ತು ನಿಮಿಷ ಆಗುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಹಾಡಿಗೆ ಕುಣೀತಾ ವ್ಯಾಯಾಮ ಮಾಡೋ ಝುಂಬಾ ಹುಟ್ಟಿದ್ದೇ ಕೊಲಂಬಿಯಾದ ಕಾಲಿ ಊರಿನ ಬೆತೊ ಪೆರೆಸ್ ಅವ್ರಿಂದ, ಅದು ಇವ್ರದೇ ಮ್ಯೂಸಿಕ್. ಡೇಟಾ ಉಳಿಸೋಕೆ ಕುಣಿತದ ವಿಡಿಯೊನ ಸಮುದಾಯ ಕೇಂದ್ರದ ವೈಫೈನಲ್ಲಿ ಡೌನ್‌ಲೋಡ್ ಮಾಡ್ಸಿ ಕಳಿಸಿ.

ಗಂಡಂದಿರ ವಿಷಯಕ್ಕೆ ಬಂದ್ರೆ, ಹೆಂಡತಿ ಫೋನಿಗೆ ದಿನಾ ಗೊತ್ತಿಲ್ಲದ ನಂಬರಿಂದ ಮೆಸೇಜ್ ಬಂದ್ರೆ ಅನುಮಾನ ಬರೋ ಮನೆಗಳಿವೆ. ಶುರುವಲ್ಲೇ ಕುಟುಂಬ ಸಮೇತ ಒಂದು ಸಂಜೆ ಕರೀರಿ, ಮೆಸೇಜ್ ಕಳಿಸೋ ಪ್ರೊಮೊತೋರಾ ಮುಖ ಎಲ್ಲರೂ ನೋಡ್ಲಿ.

ಮತ್ತೆ ಒಬ್ಬೊಬ್ರಿಗೂ ಒಬ್ಬ ಕೊಮಾದ್ರೆ ಜೋಡಿ ಮಾಡಿ. ಕೊಮಾದ್ರೆ ಅಂದ್ರೆ ಮಗುವಿನ ದೀಕ್ಷಾಸ್ನಾನಕ್ಕೆ ನಿಂತ ಧರ್ಮತಾಯಿಗೂ ಹೆತ್ತ ತಾಯಿಗೂ ಇರೋ ನಂಟು, ಆಡುಮಾತಲ್ಲಿ ಜೀವದ ಗೆಳತಿಗೂ ಹಾಗೇ ಅಂತಾರೆ. ಆ್ಯಪ್ ನೆನಪಿಸಿದ್ರೆ ಪಕ್ಕಕ್ಕೆ ತಳ್ತಾರೆ, ಕೊಮಾದ್ರೆ ಗೇಟ್ ಹತ್ರ ನಿಂತು ಕಾಯ್ತಿದ್ರೆ ಚಪ್ಪಲಿ ಹಾಕೊಂಡು ಹೊರಡ್ತಾರೆ. ಚಪ್ಪಲಿ ಅಂದೆ, ನಿಜವಾಗ್ಲೂ ನೋಡಿ, ಶೂ ಇಲ್ಲದವ್ರಿದ್ರೆ ಬ್ಯಾಂಡ್‌ಗೆ ಇಟ್ಟಿರೋ ದುಡ್ಡಲ್ಲಿ ಮೊದ್ಲು ಶೂ ಕೊಡ್ಸಿ.

ಏಳನೇದು: ಗುಟ್ಟು ಮತ್ತೆ ಸುರಕ್ಷತೆ

2018ರ ಜನವರಿಯಲ್ಲಿ ಓಡಿದ ದಾರಿ ದಾಖಲಿಸೋ ಸ್ಟ್ರಾವಾ ಅನ್ನೋ ಆ್ಯಪಿನ ನಕ್ಷೆ ನೋಡಿ ಅಮೆರಿಕದ ಸೇನಾ ನೆಲೆಗಳು ಎಲ್ಲಿವೆ ಅಂತ ಜನ ಕಂಡುಹಿಡಿದುಬಿಟ್ರು, ಸೈನಿಕರು ಜಾಗಿಂಗ್ ಮಾಡಿದ ಗೆರೆಗಳಿಂದ. ಸೇನೆದೇ ಹಾಗಾದ್ರೆ, ಮನೆಯಲ್ಲಿ ಒಬ್ರಿಗೆ ಪೇಪರ್ಸ್ ಇಲ್ಲದ ಕುಟುಂಬದ ಹೆಂಗಸು ದಿನಾ ಬೆಳಿಗ್ಗೆ ಎಲ್ಲಿಂದ ಎಲ್ಲಿಗೆ ನಡೀತಾಳೆ ಅನ್ನೋದು ಯಾವ ಸರ್ವರಲ್ಲೂ ಕೂರ್ಬಾರ್ದು. ಲೊಕೇಶನ್ ಆಫ್ ಮಾಡೋದನ್ನ ಕೈಯಲ್ಲಿ ಫೋನ್ ಹಿಡಿದು ತೋರ್ಸಿ, ಹೆಜ್ಜೆ ಎಣಿಸೋಕೆ ಲೊಕೇಶನ್ ಬೇಕಾಗಲ್ಲ. ಗುಂಪಿನ ಫೋಟೊ ಫೇಸ್‌ಬುಕ್ಕಿಗೆ ಹಾಕೋಕೆ ಮುಂಚೆ ಫೋಟೊದಲ್ಲಿರೋ ಪ್ರತಿಯೊಬ್ಬರನ್ನೂ ಕೇಳಿ. ನಿಮ್ಮ ಎಕ್ಸೆಲ್ ಶೀಟಲ್ಲಿ ಪೂರ್ತಿ ಹೆಸರು, ವಿಳಾಸ ಬೇಡ, ಒಬ್ಬೊಬ್ರಿಗೂ ಒಂದು ಕ್ರಮಸಂಖ್ಯೆ ಸಾಕು. ಹೊರಗೆ ಓಡಾಡೋಕೇ ಹೆದರಿಕೆ ಇರೋ ವಾರಗಳು ಬರ್ತವೆ, ಆಗ ನಡೀರಿ ನಡೀರಿ ಅಂತ ಒತ್ತಾಯ ಮಾಡ್ಬೇಡಿ, ಮನೆಯೊಳಗೆ ಕುಣಿಯೋ ಮೆಸೇಜ್ ಕಳಿಸಿ.

ಬಿಸಿಲು, ಕಾಡ್ಗಿಚ್ಚಿನ ಹೊಗೆ ಇದ್ದಾಗ ಏರ್‌ನೌ ಆ್ಯಪಲ್ಲಿ ಗಾಳಿ ಸೂಚ್ಯಂಕ ನೋಡಿ. 100 ದಾಟಿದ್ರೆ ಆಸ್ತಮಾ, ಹೃದಯದ ತೊಂದ್ರೆ ಇರೋರು ಒಳಗಿರ್ಲಿ, 150 ದಾಟಿದ್ರೆ ಎಲ್ಲರೂ.

ಎಂಟನೇದು: ನಿಂತೋದಾಗ

ನಿಲ್ತಾರೆ. ಮಗುಗೆ ಜ್ವರ, ಶಿಫ್ಟ್ ಬದಲಾಯ್ತು, ಊರಲ್ಲಿ ಅಮ್ಮ ತೀರ್ಕೊಂಡ್ರು, ಹೋಗೋಕಾಗ್ಲಿಲ್ಲ. ಒಂದು ವಾರ ಹೆಜ್ಜೆ ಲೆಕ್ಕ ಬರ್ಲಿಲ್ಲ ಅಂದ್ರೆ ಎರಡನೇ ವಾರ ಫೋನ್ ಮಾಡಿ, ನಡೆದ್ರಾ ಅಂತ ಕೇಳ್ಬೇಡಿ, ಮನೇಲಿ ಎಲ್ಲ ಹೇಗಿದಾರೆ ಅಂತ ಕೇಳಿ. ಗುಂಪಲ್ಲಿ ಯಾರು ಜಾಸ್ತಿ ನಡೆದ್ರು ಅನ್ನೋ ಪಟ್ಟಿ ಹಾಕ್ಬೇಡಿ, ಅದು ಮೇಲಿರೋ ಮೂವರಿಗೆ ಖುಷಿ, ಕೆಳಗಿರೋ ಹತ್ತು ಜನ ಸದ್ದಿಲ್ಲದೆ ಹೊರಟೋಗ್ತಾರೆ. ಅದ್ರ ಬದ್ಲು ಎಲ್ಲರ ನಿಮಿಷ ಕೂಡಿಸಿ ಒಂದೇ ಮೊತ್ತ ಹೇಳಿ. ನಾವು ಹೆಜ್ಜೆಗಳನ್ನ ಕೂಡಿಸಿ ನಕ್ಷೆಯಲ್ಲಿ ಚೂಲಾ ವಿಸ್ಟಾದಿಂದ ದಕ್ಷಿಣಕ್ಕೆ ನಡ್ಕೊಂಡು ಹೋಗ್ತಾ ಇದೀವಿ ಅಂತ ಗುರುತು ಹಾಕ್ತೀವಿ, ಯಾರ್ಯಾರ ಊರು ಬರುತ್ತೋ ಆ ವಾರ ಅವ್ರು ತಮ್ಮೂರಿನ ಬಗ್ಗೆ ಒಂದು ವಾಯ್ಸ್ ಮೆಸೇಜ್ ಹಾಕ್ತಾರೆ. ವರ್ಷಾನುಗಟ್ಲೆ ಊರಿಗೆ ಹೋಗೋಕಾಗದೇ ಇರೋರು ಅವ್ರು. ಆ ವಾರಗಳಲ್ಲಿ ಯಾರೂ ನಿಲ್ಲಲ್ಲ.

ತೂಕ ನೋಡ್ಬೇಡಿ, ನಿಮಿಷ ನೋಡಿ, ನಿದ್ದೆ ಹೇಗಿದೆ ಕೇಳಿ, ಮೆಟ್ಟಿಲು ಹತ್ತುವಾಗ ಏದುಸಿರು ಕಮ್ಮಿ ಆಯ್ತಾ ಕೇಳಿ.

ಒಂಬತ್ತನೇದು: ಜಾಗಕ್ಕೆ ಕರ್ಕೊಂಡು ಹೋಗೋದು, ಆಮೇಲೆ ಬಿಟ್ಟುಕೊಡೋದು

ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಒಂದು ಕಡೆ ನಡೀಲಿ. ಕೊಲಂಬಿಯಾದ ರಾಜಧಾನಿ ಬೊಗೊಟಾದಲ್ಲಿ 1974ರಿಂದ ಭಾನುವಾರ ರಸ್ತೆಗಳನ್ನ ಕಾರಿಗೆ ಮುಚ್ಚಿ ಜನಕ್ಕೆ ಬಿಡ್ತಾರೆ, ಸಿಕ್ಲೊವಿಯಾ ಅಂತ, ಅದನ್ನ ನೋಡಿ ಲಾಸ್ ಏಂಜಲೀಸ್‌ನಲ್ಲಿ 2010ರಿಂದ ಸಿಕ್‌ಲಾವಿಯಾ ನಡೀತಿದೆ. ಅಂಥದ್ದು ಹತ್ರದಲ್ಲಿದ್ರೆ ಹೋಗಿ, ಇಲ್ಲಾಂದ್ರೆ ಸ್ಕೂಲಿನ ಓಟದ ಟ್ರ್ಯಾಕ್, ಮಾಲ್, ಚರ್ಚಿನ ಪಾರ್ಕಿಂಗ್.

ಆರು ತಿಂಗಳಾದ್ಮೇಲೆ ಮೆಸೇಜ್ ಕಮ್ಮಿ ಮಾಡ್ತಾ ಬನ್ನಿ, ವಾರಕ್ಕೆ ಮೂರಿದ್ದಿದ್ದು ಒಂದು, ಆಮೇಲೆ ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು. ಒಂದೇ ಸಲ ನಿಲ್ಲಿಸಿದ್ರೆ ಕೈಬಿಟ್ರು ಅನ್ಸುತ್ತೆ. ಗುಂಪಲ್ಲಿ ಯಾರು ತಾವಾಗೇ ಬೇರೆಯವ್ರನ್ನ ವಿಚಾರಿಸ್ಕೊಳ್ತಿದಾರೆ ಅಂತ ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ಅಂಥ ಇಬ್ರನ್ನ ಅಡ್ಮಿನ್ ಮಾಡಿ, ಒಬ್ರು ಬೇಡ ಇಬ್ರು. ಗುಂಪಿನ ಮಾಹಿತಿ ತೆಗೆದು ಅವ್ರ ಹೆಸರನ್ನ ಒತ್ತಿದ್ರೆ ಅಡ್ಮಿನ್ ಮಾಡೋ ಆಯ್ಕೆ ಬರುತ್ತೆ. ಹಬ್ಬದ ದಿನ ಯಾವ ಮೆಸೇಜ್, ಹೊಸಬರು ಬಂದ್ರೆ ಏನು ಕೇಳ್ಬೇಕು, ಯಾರಾದ್ರೂ ಎದೆ ನೋವು ಅಂದ್ರೆ ಯಾವ ನಂಬರಿಗೆ ಫೋನ್ ಮಾಡ್ಬೇಕು, ಇದನ್ನೆಲ್ಲ ಒಂದು ಹಾಳೆಯಲ್ಲಿ ಸ್ಪ್ಯಾನಿಶ್‌ನಲ್ಲಿ ಬರ್ದು ಅವ್ರ ಕೈಗೆ ಕೊಡಿ, ಜೊತೆಗೆ ನಿಮ್ಮ ನಂಬರೂ ಇರ್ಲಿ. ನಮ್ಮ ಮೊದಲ ಗುಂಪಲ್ಲಿ ಈಗ ನಾನು ಬರೀ ಓದ್ತೀನಿ. ಬೆಳಿಗ್ಗೆ ಎಂಟೂಕಾಲರ ಮೆಸೇಜನ್ನ ಕಸೂತಿ ಚೀಲ ಹೊಲಿದವ್ರೇ ಕಳಿಸ್ತಾರೆ.